ಹರಾಜಿನ ಮನೆ ಅಗ್ಗ ಹೌದು, ಆದರೆ ಒಳಗೆ ಯಾರಿದ್ದಾರೆ?

ಪ್ರಶ್ನೆ: ನಾವು ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಬಾಡಿಗೆಗಿದ್ದೇವೆ. ಬಾಡಿಗೆ 24 ಸಾವಿರ. ಮೊನ್ನೆ ಭಾನುವಾರ ಪೇಪರಿನಲ್ಲಿ ಬ್ಯಾಂಕ್ ಹರಾಜಿನ ಜಾಹೀರಾತು ಬಂತು. ನಮ್ಮ ಮನೆಗೆ ಹತ್ತಿರದ ಅಪಾರ್ಟ್‌ಮೆಂಟಿನಲ್ಲೇ ಎರಡು ಬೆಡ್‌ರೂಮಿನ ಫ್ಲಾಟ್. ರಿಸರ್ವ್ ಬೆಲೆ, ಅಂದರೆ ಹರಾಜಿನ ಕನಿಷ್ಠ ಬೆಲೆ, 62 ಲಕ್ಷ. ಅದೇ ಕಟ್ಟಡದಲ್ಲಿ ಬೇರೆ ಫ್ಲಾಟ್ ಈಚೆಗೆ 82 ಲಕ್ಷಕ್ಕೆ ಮಾರಾಟವಾಗಿದೆ. ಜಾಹೀರಾತು ಬಂದ ದಿನದಿಂದ ಹರಾಜಿಗೆ 20 ದಿನ ಇತ್ತು. ನಮ್ಮ ಕೈಯಲ್ಲಿ 25 ಲಕ್ಷ ಇದೆ, ಉಳಿದದ್ದು ಸಾಲ ಮಾಡಬೇಕು. ನನ್ನ ಗಂಡ ತಗೊಳ್ಳೋಣ ಅನ್ನುತ್ತಾರೆ. ಅತ್ತೆ ಮಾತ್ರ, ‘ಬೇರೆಯವರು ಕಣ್ಣೀರು ಹಾಕಿ ಬಿಟ್ಟ ಮನೆ ನಮಗೆ ಬೇಡ’ ಅನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಬೆಲೆ ಇದೆ, ದಿನಾಂಕ ಇದೆ, ಉಳಿತಾಯ ಇದೆ. ಒಂದು ವಿಷಯ ಮಾತ್ರ ಇಲ್ಲ. ಆ ಫ್ಲಾಟಿನೊಳಗೆ ಈಗ ಯಾರಿದ್ದಾರೆ? ನನ್ನ ಹತ್ತಿರ ಹರಾಜಿನ ಮನೆ ವಿಚಾರ ಕೇಳಿಕೊಂಡು ಬರುವ ಹತ್ತು ಜನರಲ್ಲಿ ಒಂಬತ್ತು ಜನ ಇದನ್ನು ನೋಡಿಯೇ ಇರುವುದಿಲ್ಲ. ಅದಕ್ಕೇ ಮೊದಲು ಇದನ್ನೇ ಹೇಳುತ್ತೇನೆ.

ಬ್ಯಾಂಕುಗಳು ಇಂಥ ಮನೆಗಳನ್ನು ಮಾರುವುದು 2002ರ ಸರ್ಫೇಸಿ ಕಾಯ್ದೆಯ ಕೆಳಗೆ. ಕಂತು ನಿಂತು ಸಾಲ ಎನ್‌ಪಿಎ, ಅಂದರೆ ವಸೂಲಾಗದ ಸಾಲ, ಅಂತ ಆದ ಮೇಲೆ ಬ್ಯಾಂಕು ಸಾಲಗಾರರಿಗೆ 60 ದಿನದ ನೋಟಿಸ್ ಕೊಡುತ್ತದೆ. ಆಗಲೂ ಕಟ್ಟದಿದ್ದರೆ ಮನೆಯನ್ನು ಸ್ವಾಧೀನಕ್ಕೆ ತಗೊಳ್ಳುತ್ತದೆ. ಈ ಸ್ವಾಧೀನದಲ್ಲಿ ಎರಡು ಬಗೆ. ಸಾಂಕೇತಿಕ ಸ್ವಾಧೀನ ಅಂದರೆ ಬ್ಯಾಂಕಿನವರು ಬಾಗಿಲಿಗೆ ನೋಟಿಸ್ ಅಂಟಿಸಿ, ಎರಡು ಪತ್ರಿಕೆಯಲ್ಲಿ ಹಾಕಿಸಿರುತ್ತಾರೆ, ಅಷ್ಟೇ. ಒಳಗಿನವರು ಒಳಗೇ ಇರುತ್ತಾರೆ, ಸಂಜೆ ಕುಕ್ಕರ್ ಕೂಗುತ್ತಿರುತ್ತದೆ. ಭೌತಿಕ ಸ್ವಾಧೀನ ಅಂದರೆ ಮನೆ ಖಾಲಿಯಾಗಿ, ಬೀಗ ಬಿದ್ದು, ಬೀಗದ ಕೈ ಬ್ಯಾಂಕಿನ ಹತ್ತಿರ ಇರುತ್ತದೆ. ಜಾಹೀರಾತಿನಲ್ಲಿ ಸಣ್ಣ ಅಕ್ಷರದಲ್ಲಿ ಇದನ್ನು ಬರೆದಿರುತ್ತಾರೆ. ಇವತ್ತೇ ಆ ಪೇಪರ್ ತೆಗೆದು ‘ಸಾಂಕೇತಿಕ’ ಅಂತ ಇದೆಯಾ, ‘ಭೌತಿಕ’ ಅಂತ ಇದೆಯಾ ನೋಡಿ.

ಸಾಂಕೇತಿಕ ಅಂತಿದ್ದರೆ ಒಳಗಿನವರನ್ನು ಬಿಡಿಸಲು ಬ್ಯಾಂಕು ಸೆಕ್ಷನ್ 14ರ ಕೆಳಗೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬೇಕು. ಕಾಯ್ದೆ ಹೇಳುವುದು 30 ದಿನದೊಳಗೆ ಆದೇಶ ಆಗಬೇಕು, ಹೆಚ್ಚೆಂದರೆ 60 ದಿನ ಅಂತ. ಆಮೇಲೆ ಕೋರ್ಟ್ ಕಮಿಷನರ್ ಬರಬೇಕು, ಪೊಲೀಸರ ದಿನ ಸಿಗಬೇಕು, ಮಧ್ಯೆ ತಡೆಯಾಜ್ಞೆ ಬರಬಹುದು. ತಿಂಗಳುಗಟ್ಟಲೆ ಎಳೆದದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಒಂದು ಪ್ರಸಂಗ ಹೇಳುತ್ತೇನೆ. ವಿಜಯನಗರದ ಕಡೆಯ ಒಂದು ಮನೆಯನ್ನು ಹರಾಜಿನಲ್ಲಿ ಹಿಡಿದವರೊಬ್ಬರು ನನ್ನ ಹತ್ತಿರ ಬಂದದ್ದು ಪೂರ್ತಿ ಹಣ ಕಟ್ಟಿದ ಮೇಲೆ. ಮನೆ ನೋಡಿದ್ದೀರಾ ಅಂತ ಕೇಳಿದೆ. ರಸ್ತೆಯಿಂದ ನೋಡಿದ್ದೆ ಸಾರ್ ಅಂದರು. ಇಬ್ಬರೂ ಹೋದೆವು. ಬಾಗಿಲ ಮುಂದೆ ಆಗಷ್ಟೇ ಹಾಕಿದ ರಂಗೋಲಿ. ಪಕ್ಕದಲ್ಲಿ ಮಗುವಿನ ಮೂರು ಚಕ್ರದ ಸೈಕಲ್. ಬ್ಯಾಂಕಿನ ನೋಟಿಸನ್ನು ಯಾರೋ ಕಿತ್ತಿದ್ದರು, ನಾಲ್ಕು ಮೂಲೆಯಲ್ಲಿ ಗೋಂದಿನ ಗುರುತು ಮಾತ್ರ ಉಳಿದಿತ್ತು. ಬಾಗಿಲು ತೆಗೆದ ಹೆಂಗಸು ಮಾಲೀಕರ ಕಡೆಯವರಲ್ಲ. ಅವರು ಲೀಸಿಗೆ ಬಂದವರು. ಒಳಗೆ ಹೋಗಿ ಪ್ಲಾಸ್ಟಿಕ್ ಕವರಿನಿಂದ ಒಂದು ಛಾಪಾ ಕಾಗದ ತಂದು ತೋರಿಸಿದರು. 12 ಲಕ್ಷ ಕೊಟ್ಟು ಮೂರು ವರ್ಷಕ್ಕೆ ಭೋಗ್ಯಕ್ಕೆ ಹಾಕಿಕೊಂಡಿದ್ದರು. ಅದು ನೋಂದಣಿ ಆಗಿರಲಿಲ್ಲ. ಮಾಲೀಕ ಆ ಹಣ ತಗೊಂಡು ಫೋನ್ ಆಫ್ ಮಾಡಿಕೊಂಡಿದ್ದ.

ಬೆಂಗಳೂರಿನಲ್ಲಿ ಇದು ಅಪರೂಪವಲ್ಲ. ಕಂತು ಕಟ್ಟಲಾಗದ ಮಾಲೀಕ ಮೊದಲು ಮಾಡುವ ಕೆಲಸವೇ ಮನೆಯನ್ನು ಲೀಸಿಗೆ ಹಾಕಿ ಇಡಿಗಂಟು ಎತ್ತುವುದು. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಲೀಸ್ ನೋಂದಣಿ ಆಗಿರಲೇಬೇಕು. ಅಡಮಾನ ಆದ ಮೇಲೆ ಬ್ಯಾಂಕಿನ ಒಪ್ಪಿಗೆ ಇಲ್ಲದೆ ಮಾಡಿದ ಇಂಥ ಕಾಗದ ಬ್ಯಾಂಕಿನ ಎದುರು ನಿಲ್ಲುವುದು ಕಷ್ಟ. ಆದರೆ ಆ ಕುಟುಂಬ ಎಲ್ಲಿಗೆ ಹೋಗುತ್ತದೆ? ಬಾಡಿಗೆದಾರರು, ಲೀಸಿನವರು ತಮ್ಮ ಹಕ್ಕು ಕೇಳಿಕೊಂಡು ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಡಿಆರ್‌ಟಿಗೆ ಹೋಗಲು ಕಾಯ್ದೆಯಲ್ಲೇ ದಾರಿ ಇದೆ. ಈ ಕುಟುಂಬವೂ ಹೋಯಿತು. ನಮ್ಮವರಿಗೆ ಮನೆ ಸಿಕ್ಕಿದ್ದು 19 ತಿಂಗಳಿಗೆ. ಅದೂ ಕೊನೆಗೆ ತಾವೇ 2 ಲಕ್ಷ ಕೊಟ್ಟು, ವಕೀಲರ ಮುಂದೆ ಒಪ್ಪಂದ ಬರೆಸಿ, ಮಗುವಿನ ಪರೀಕ್ಷೆ ಮುಗಿಯುವವರೆಗೆ ಕಾದ ಮೇಲೆ. ಹಾಗೆ ಮಾಡಿದ್ದು ಸರಿ ಅಂತ ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ಒಳಗಿನವರನ್ನು ಹೆದರಿಸಿ ಓಡಿಸೋಣ, ಹುಡುಗರನ್ನು ಕಳಿಸೋಣ ಅಂತ ಯಾರಾದರೂ ಸಲಹೆ ಕೊಟ್ಟರೆ ಅವರ ಸಹವಾಸವೇ ಬೇಡ. ಅದು ತಪ್ಪು. ನಿಮ್ಮ ಮೇಲೇ ಕೇಸ್ ಬೀಳುತ್ತದೆ.

ಈಗ ನಿಮ್ಮ ಜಾಹೀರಾತಿನ ದಿನಾಂಕಕ್ಕೆ ಬರೋಣ. 20 ದಿನದ ಅಂತರ ಅಂದಿರಿ. ಮೊದಲ ಸಲದ ಹರಾಜಿಗೆ ಕನಿಷ್ಠ 30 ದಿನದ ನೋಟಿಸ್ ಕೊಡಬೇಕು ಅಂತ ನಿಯಮ ಇದೆ. ಮೊದಲ ಹರಾಜು ನಡೆಯದೆ ಮತ್ತೆ ಇಟ್ಟರೆ 15 ದಿನ ಸಾಕು. ಅಂದರೆ ಈ ಫ್ಲಾಟು ಬಹುಶಃ ಮೊದಲೇ ಒಂದು ಸಲ ಹರಾಜಿಗೆ ಬಂದು, ಯಾರೂ ತಗೊಂಡಿಲ್ಲ. ಅದರಲ್ಲಿ ತಪ್ಪೇನಿಲ್ಲ. ಹೋದ ಸಲ ರಿಸರ್ವ್ ಬೆಲೆ ಜಾಸ್ತಿ ಇತ್ತೇನೋ. ಆದರೆ ಯಾಕೆ ಹೋಗಲಿಲ್ಲ ಅಂತ ಬ್ಯಾಂಕಿನ ಆಥರೈಸ್ಡ್ ಆಫೀಸರನ್ನು ನೇರವಾಗಿ ಕೇಳಿ. ಜಾಹೀರಾತಿನಲ್ಲಿ ಅವರ ನಂಬರ್ ಇರುತ್ತದೆ. ಹೋದ ಸಲದ ರಿಸರ್ವ್ ಬೆಲೆ ಎಷ್ಟಿತ್ತು ಅಂತಲೂ ಕೇಳಿ. ಇದು ಮೊದಲ ಹರಾಜೇ ಅಂತ ಅವರು ಹೇಳಿದರೆ ಹಿಂದೆ ಸರಿಯಿರಿ. ನೋಟಿಸಿನ ದಿನ ಕಡಿಮೆ ಬಿದ್ದ ಹರಾಜನ್ನು ಸಾಲಗಾರರು ಸುಲಭವಾಗಿ ಪ್ರಶ್ನೆ ಮಾಡುತ್ತಾರೆ.

ಸಾಲಗಾರರ ಹಕ್ಕಿನ ಬಗ್ಗೆ ಹೇಳಲೇಬೇಕಾದ್ದು ಇನ್ನೊಂದಿದೆ. ಹಿಂದೆ ಕೊನೆಯ ಗಳಿಗೆಯವರೆಗೂ ಸಾಲ ಕಟ್ಟಿ ಮನೆ ಬಿಡಿಸಿಕೊಳ್ಳಬಹುದಿತ್ತು. 2016ರ ತಿದ್ದುಪಡಿ ಬಂದ ಮೇಲೆ ಹರಾಜಿನ ನೋಟಿಸ್ ಪ್ರಕಟವಾದ ದಿನಕ್ಕೆ ಆ ಹಕ್ಕು ಮುಗಿಯುತ್ತದೆ. 2023ರಲ್ಲಿ ಸುಪ್ರೀಂ ಕೋರ್ಟು ಬಾಫ್ನಾ ಮೋಟರ್ಸ್ ಪ್ರಕರಣದಲ್ಲಿ ಇದನ್ನು ಗಟ್ಟಿ ಮಾಡಿತು. ಕೊಳ್ಳುವವರಿಗೆ ಇದು ದೊಡ್ಡ ಧೈರ್ಯ. ಆದರೂ ಬ್ಯಾಂಕು ತಪ್ಪು ಕ್ರಮ ಅನುಸರಿಸಿದೆ ಅಂತ ಸಾಲಗಾರರು 45 ದಿನದೊಳಗೆ ಡಿಆರ್‌ಟಿಗೆ ಹೋಗಬಹುದು. ಹಾಗಾಗಿ ಬಿಡ್ ಹಾಕುವ ಮೊದಲು ಡಿಆರ್‌ಟಿ ವೆಬ್‌ಸೈಟಿನಲ್ಲಿ ಸಾಲಗಾರರ ಹೆಸರು ಹಾಕಿ ಕೇಸ್ ಇದೆಯಾ ನೋಡಿ. ಇ-ಕೋರ್ಟ್ಸ್ ವೆಬ್‌ಸೈಟಿನಲ್ಲೂ ಅದೇ ಹೆಸರು ಹುಡುಕಿ. ನಮ್ಮ ಕಡೆ ಅಣ್ಣ ಸಾಲ ಮಾಡಿ ಮನೆ ಹರಾಜಿಗೆ ಬಂದಾಗ ತಂಗಿ ಪಾಲು ಕೇಳಿ ದಾವೆ ಹಾಕಿರುವುದು ತುಂಬಾ ಸಾಮಾನ್ಯ. ಫ್ಲಾಟಿನಲ್ಲಿ ಇದು ಕಡಿಮೆ. ಪಿತ್ರಾರ್ಜಿತ ಸೈಟಿನ ಮೇಲೆ ಕಟ್ಟಿದ ಮನೆಯಾದರೆ ಜಾಸ್ತಿ.

ಇನ್ನು ಕಾಗದಪತ್ರ. ‘ಬ್ಯಾಂಕೇ ಸಾಲ ಕೊಟ್ಟಿದೆ ಅಂದಮೇಲೆ ಪತ್ರ ಸರಿಯಾಗೇ ಇರುತ್ತೆ ಅಲ್ವಾ’ ಅಂತ ಎಲ್ಲರೂ ಕೇಳುತ್ತಾರೆ. ಹಾಗೆ ನಂಬಬೇಡಿ. ಹರಾಜಿನ ಷರತ್ತಿನಲ್ಲಿ ಬ್ಯಾಂಕೇ ಬರೆದಿರುತ್ತದೆ, ಆಸ್ತಿ ‘ಎಲ್ಲಿದೆಯೋ ಅಲ್ಲೇ, ಹೇಗಿದೆಯೋ ಹಾಗೇ, ಏನಿದೆಯೋ ಅಷ್ಟೇ’ ಅಂತ. ಅಂದರೆ ಒಳಗಿನ ಹುಳುಕಿಗೆಲ್ಲ ನೀವೇ ಹೊಣೆ. ಅದಕ್ಕೆ ಪರಿಶೀಲನೆ ನಿಮ್ಮದೇ ವಕೀಲರಿಂದ ಆಗಲಿ. ಬ್ಯಾಂಕಿಗೆ ಹೋಗಿ ಮೂಲ ಪತ್ರಗಳನ್ನು ನೋಡಲು ಕೇಳಿ. ಕ್ರಯಪತ್ರ, ತಾಯಿಪತ್ರ (ಹಿಂದಿನ ಮಾಲೀಕರ ಪತ್ರ), ಮಂಜೂರಾದ ನಕ್ಷೆ, ಓಸಿ (ಕಟ್ಟಡ ವಾಸಕ್ಕೆ ಯೋಗ್ಯ ಅಂತ ಕೊಡುವ ಪತ್ರ), ಖಾತಾ, ತೆರಿಗೆ ರಸೀದಿ, ಇವಿಷ್ಟು ಅಲ್ಲಿರಬೇಕು. ಯಾವುದು ಮೂಲ, ಯಾವುದು ಜೆರಾಕ್ಸ್ ಅಂತ ಒಂದು ಪಟ್ಟಿ ಬರೆದುಕೊಂಡು ಬನ್ನಿ. ಕೊನೆಗೆ ನಿಮಗೆ ಒಪ್ಪಿಸುವುದು ಅಷ್ಟನ್ನೇ.

ಇಸಿಯನ್ನು, ಅಂದರೆ ಆಸ್ತಿಯ ಮೇಲಿನ ಮಾರಾಟ, ಅಡಮಾನಗಳ ನೋಂದಣಿ ವಿವರವನ್ನು, ಸರ್ಕಾರದ ಕಾವೇರಿ ಆನ್‌ಲೈನಿನಲ್ಲಿ ತೆಗೆಸಿ. ಫ್ಲಾಟಿನ ಮೇಲೆ ಮಾತ್ರ ತೆಗೆಸಿದರೆ ಸಾಲದು. ಕಟ್ಟಡ ನಿಂತಿರುವ ಜಾಗದ ಸರ್ವೆ ನಂಬರಿನ ಮೇಲೂ ತೆಗೆಸಿ. ಬಿಲ್ಡರ್ ಇಡೀ ಜಾಗವನ್ನು ಬೇರೆ ಬ್ಯಾಂಕಿಗೆ ಅಡ ಇಟ್ಟಿದ್ದರೆ ಅದು ಗೊತ್ತಾಗುವುದು ಅಲ್ಲೇ. ಒಂದೇ ಮನೆಯನ್ನು ಎರಡು ಕಡೆ ಅಡ ಇಟ್ಟವರೂ ಇದ್ದಾರೆ. ಇಂಥದ್ದನ್ನು ತಡೆಯಲೆಂದೇ 2011ರಲ್ಲಿ ಸೆರ್ಸಾಯ್ ಅನ್ನುವ ಅಡಮಾನಗಳ ದಾಖಲೆ ಶುರುವಾಯಿತು. ಸಣ್ಣ ಶುಲ್ಕ ಕಟ್ಟಿದರೆ ಯಾರು ಬೇಕಾದರೂ ಅದರಲ್ಲಿ ಹುಡುಕಬಹುದು. ಜಾಗ ಮೂಲದಲ್ಲಿ ಸರ್ಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರು ಮಾಡಿದ್ದಾ ಅನ್ನುವುದನ್ನೂ ವಕೀಲರಿಂದ ಖಚಿತ ಮಾಡಿಕೊಳ್ಳಿ. 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಅಂಥ ಜಮೀನನ್ನು ಅನುಮತಿ ಇಲ್ಲದೆ ಮಾರಿದ್ದರೆ ಆ ಮಾರಾಟ ನಿಲ್ಲುವುದಿಲ್ಲ. 2023ರ ತಿದ್ದುಪಡಿ ಆದ ಮೇಲೆ ಜಮೀನು ವಾಪಸು ಕೇಳಲು ಕಾಲಮಿತಿಯ ಅಡ್ಡಿಯೂ ಇಲ್ಲ. ಆ ಕುಟುಂಬಗಳಿಗೆ ನ್ಯಾಯ ಸಿಗಲೆಂದು ಬಂದ ಕಾಯ್ದೆ ಅದು. ಅದನ್ನು ಗೌರವಿಸಿ, ಅಂಥ ಜಾಗದ ಮನೆಯನ್ನು ಬಿಟ್ಟುಬಿಡುವುದೇ ಸರಿ.

ಖಾತಾ ಬಗ್ಗೆ ಬೆಂಗಳೂರಿನಲ್ಲಿ ಹೊಸ ತಲೆನೋವು ಇದೆ. 2024ರ ಕೊನೆಯಿಂದ ಇಲ್ಲಿ ನೋಂದಣಿಗೆ ಇ-ಖಾತಾ, ಅಂದರೆ ಡಿಜಿಟಲ್ ಖಾತಾ, ಕೇಳುತ್ತಾರೆ. ಸಾಲ ಕಟ್ಟಲಾಗದೆ ಊರು ಬಿಟ್ಟ ಮಾಲೀಕ ಇ-ಖಾತಾ ಮಾಡಿಸಿರುತ್ತಾನಾ? ಆಗಿದೆಯಾ, ಇಲ್ಲದಿದ್ದರೆ ಬ್ಯಾಂಕು ಅದಕ್ಕೆ ಬೇಕಾದ ಪತ್ರ ಕೊಡುತ್ತದಾ ಅಂತ ಮೊದಲೇ ಕೇಳಿ. ಬಿ-ಖಾತಾ, ಅಂದರೆ ನಿಯಮ ಪೂರ್ತಿ ಪಾಲಿಸದ ಆಸ್ತಿಯ ಖಾತಾ, ಇದ್ದರೆ ನಿಮಗೆ ಸಾಲ ಕೊಡುವ ಬ್ಯಾಂಕು ಒಪ್ಪುತ್ತದಾ ಅನ್ನುವುದೂ ಈಗಲೇ ತಿಳಿಯಬೇಕು.

ಹಳೇ ಬಾಕಿಗಳನ್ನು ಮರೆಯಬೇಡಿ. ಅಪಾರ್ಟ್‌ಮೆಂಟ್ ಸಂಘದ ಮೇಂಟೆನೆನ್ಸ್, ಆಸ್ತಿ ತೆರಿಗೆ, ನೀರು, ಕರೆಂಟು. ಕಂತು ಕಟ್ಟದವರು ಇವನ್ನೂ ಕಟ್ಟಿರುವುದಿಲ್ಲ. ಹಿಂದಿನವರ ಕರೆಂಟ್ ಬಾಕಿಯನ್ನು ಹರಾಜಿನಲ್ಲಿ ಕೊಂಡವರಿಂದ ಕೇಳುವುದಕ್ಕೆ ವಿದ್ಯುತ್ ನಿಯಮಗಳಲ್ಲಿ ಅವಕಾಶ ಇಡಬಹುದು ಅಂತ 2023ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕರೆಂಟ್ ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ ತಗೊಂಡು ಬೆಸ್ಕಾಂನಲ್ಲಿ ವಿಚಾರಿಸಿ. ಸಂಘದ ಕಾರ್ಯದರ್ಶಿ ಹತ್ತಿರ ಹೋದರೆ ಬಾಕಿ ಎಷ್ಟು ಅನ್ನುವುದರ ಜೊತೆಗೆ ಒಳಗೆ ಯಾರಿದ್ದಾರೆ, ಎಷ್ಟು ದಿನದಿಂದ ಇದ್ದಾರೆ ಅನ್ನುವುದೂ ತಿಳಿಯುತ್ತದೆ.

ಈಗ ನಿಮ್ಮ ಹಣದ ಲೆಕ್ಕ. ಇದನ್ನು ಪೆನ್ನು ಹಿಡಿದುಕೊಂಡು ಓದಿ.

ಇಎಂಡಿ, ಅಂದರೆ ಬಿಡ್ ಹಾಕುವ ಮೊದಲು ಕಟ್ಟುವ ಮುಂಗಡ, ಸಾಮಾನ್ಯವಾಗಿ ರಿಸರ್ವ್ ಬೆಲೆಯ ಶೇ 10, ಅಂದರೆ 6.2 ಲಕ್ಷ. ಹರಾಜು 68 ಲಕ್ಷಕ್ಕೆ ನಿಮ್ಮದಾಯಿತು ಅಂತ ಇಟ್ಟುಕೊಳ್ಳಿ. ಅದರ ಶೇ 25, ಅಂದರೆ 17 ಲಕ್ಷ, ಅವತ್ತೇ ಅಥವಾ ಮಾರನೇ ಕೆಲಸದ ದಿನದೊಳಗೆ ಕಟ್ಟಬೇಕು. ಇಎಂಡಿ ಕಳೆದರೆ 10.8 ಲಕ್ಷ. ಉಳಿದ 51 ಲಕ್ಷವನ್ನು ಮಾರಾಟ ಖಾಯಂ ಆದ 15 ದಿನದೊಳಗೆ ಕಟ್ಟಬೇಕು. ಬ್ಯಾಂಕು ಬರವಣಿಗೆಯಲ್ಲಿ ಒಪ್ಪಿದರೆ ಮಾತ್ರ ಮೂರು ತಿಂಗಳವರೆಗೆ ಸಮಯ ಸಿಗಬಹುದು. ಕಟ್ಟಲಾಗದಿದ್ದರೆ 17 ಲಕ್ಷವೂ ಹೋಯಿತು. ಅಷ್ಟೂ ಹಣ ಮುಟ್ಟುಗೋಲು ಹಾಕಿಕೊಳ್ಳುವುದು ಸರಿ ಅಂತ 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಸಾಲ ಮಂಜೂರಾಗಲಿಲ್ಲ ಅನ್ನುವ ಕಾರಣ ಅಲ್ಲಿ ನಡೆಯುವುದಿಲ್ಲ. ಮಾಮೂಲಿ ಗೃಹಸಾಲ 15 ದಿನದಲ್ಲಿ ಕೈಗೆ ಬರುವುದೂ ಕಷ್ಟ. ಹಾಗಾಗಿ ಇಎಂಡಿ ಕಟ್ಟುವ ಮೊದಲೇ, ಹರಾಜಿನ ಆಸ್ತಿಗೆ ಸಾಲ ಕೊಡುವ ಬ್ಯಾಂಕಿನಿಂದ ಈ ಫ್ಲಾಟಿನ ಪತ್ರ ತೋರಿಸಿ ಒಪ್ಪಿಗೆ ಪತ್ರ ತಗೊಳ್ಳಿ. ಎಷ್ಟೋ ಸಲ ಹರಾಜು ಹಾಕುವ ಬ್ಯಾಂಕೇ ಸಾಲವನ್ನೂ ಕೊಡುತ್ತದೆ. ಅವರಿಗೆ ಪತ್ರಗಳು ಹೊಸದಲ್ಲವಲ್ಲ, ಕೇಳಿ ನೋಡಿ.

ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಎಲ್ಲ ಸೇರಿ ನಗರದಲ್ಲಿ ಶೇ 7.6. ಅಂದರೆ 68 ಲಕ್ಷಕ್ಕೆ 5 ಲಕ್ಷದ 17 ಸಾವಿರದಷ್ಟು. 17 ಲಕ್ಷಕ್ಕೆ ಇದನ್ನು ಸೇರಿಸಿದರೆ 22 ಲಕ್ಷ ದಾಟಿತು. ನಿಮ್ಮ 25 ಲಕ್ಷದಲ್ಲಿ ಉಳಿಯುವುದು 3 ಲಕ್ಷಕ್ಕೂ ಕಡಿಮೆ. ಹಳೇ ಬಾಕಿಗೆ 2 ಲಕ್ಷ, ರಿಪೇರಿಗೆ 3.5 ಲಕ್ಷ, ವಕೀಲರಿಗೆ, ಓಡಾಟಕ್ಕೆ 50 ಸಾವಿರ ಅಂತ ಹಿಡಿದರೂ 6 ಲಕ್ಷ ಬೇಕು. ಅಲ್ಲಿಗೆ 3 ಲಕ್ಷ ಚಿಲ್ಲರೆ ಕೊರತೆ. ಅದೂ ಬ್ಯಾಂಕು 51 ಲಕ್ಷವನ್ನೂ ಸಾಲವಾಗಿ ಕೊಟ್ಟರೆ. ಈ ಕೊರತೆಗೆ ಏನು ಮಾಡುತ್ತೀರಿ ಅಂತ ಇಬ್ಬರೂ ಕೂತು ಈಗಲೇ ಮಾತಾಡಿ.

ಒಟ್ಟು ಖರ್ಚು 79 ಲಕ್ಷ ಚಿಲ್ಲರೆ. ಅದೇ ಕಟ್ಟಡದ 82 ಲಕ್ಷದ ಫ್ಲಾಟನ್ನು ನೋಂದಣಿ ಸೇರಿಸಿ ತಗೊಂಡಿದ್ದರೆ 88 ಲಕ್ಷ ಚಿಲ್ಲರೆ ಆಗುತ್ತಿತ್ತು. ಅಲ್ಲಿಗೆ ನಿಮಗೆ ಉಳಿಯುವುದು ಸುಮಾರು 9 ಲಕ್ಷ. ಪೇಪರ್ ನೋಡಿದಾಗ ಕಂಡ 20 ಲಕ್ಷ ಅಲ್ಲ. ಬೀಗದ ಕೈ ತಕ್ಷಣ ಸಿಕ್ಕರೆ ಈ 9 ಲಕ್ಷ ನಿಮ್ಮದು, ಒಳ್ಳೆಯದೇ. ಎರಡು ವರ್ಷ ಕಾಯಬೇಕಾಗಿ ಬಂದರೆ ಬಾಡಿಗೆಗೇ 5.76 ಲಕ್ಷ ಹೋಗುತ್ತದೆ. ಉಳಿದದ್ದನ್ನು ಕೋರ್ಟಿನ ಓಡಾಟ ತಿನ್ನುತ್ತದೆ. ಇನ್ನೂ ಕಷ್ಟ ಏನು ಅಂದರೆ, 51 ಲಕ್ಷಕ್ಕೆ ಶೇ 8.5ರಂತೆ 20 ವರ್ಷಕ್ಕೆ ತಿಂಗಳ ಕಂತು 44 ಸಾವಿರದ ಆಸುಪಾಸು. ಅದಕ್ಕೆ ಬಾಡಿಗೆ 24 ಸಾವಿರ ಸೇರಿಸಿ. ತಿಂಗಳಿಗೆ 68 ಸಾವಿರ, ಕಾಲಿಡಲಾಗದ ಮನೆಗೋಸ್ಕರ. ನಿಮ್ಮ ಇಬ್ಬರ ಸಂಬಳ ಅಷ್ಟನ್ನು ಎರಡು ವರ್ಷ ತಡೆಯುತ್ತದಾ?

ಇದಕ್ಕೇ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಭೌತಿಕ ಸ್ವಾಧೀನ ಬ್ಯಾಂಕಿನ ಹತ್ತಿರ ಇದ್ದು, ಪತ್ರ ಸರಿಯಿದ್ದರೆ ಮುಂದುವರಿಯಿರಿ. ಸಾಂಕೇತಿಕ ಅಂತಿದ್ದರೆ ನಿಮ್ಮ ಪರಿಸ್ಥಿತಿಯಲ್ಲಿ ಇದು ಬೇಡ. ಕೈಯಲ್ಲಿ ಹಣ ಇಟ್ಟುಕೊಂಡು ಕಾಯಬಲ್ಲವರು ಅಂಥದ್ದನ್ನು ತಗೊಳ್ಳಲಿ. ಬಾಡಿಗೆ ಮನೆಯಲ್ಲಿದ್ದು, ಸಾಲ ಮಾಡಿ ಕೊಳ್ಳುವವರಿಗೆ ಅದು ಹೊರೆ. ಸರ್ಕಾರಿ ಬ್ಯಾಂಕುಗಳ ಹರಾಜಿನ ಆಸ್ತಿಗಳೆಲ್ಲ ಈಗ ಬ್ಯಾಂಕ್‌ನೆಟ್ ಪೋರ್ಟಲಿನಲ್ಲಿ ಒಟ್ಟಿಗೆ ಸಿಗುತ್ತವೆ. ಅಲ್ಲಿ ಭೌತಿಕ ಸ್ವಾಧೀನದವನ್ನಷ್ಟೇ ಹುಡುಕುತ್ತಾ ಹೋಗಿ. ಇದೊಂದೇ ಫ್ಲಾಟ್ ಅಂತ ಆತುರ ಬೇಡ.

ಹರಾಜು ಆನ್‌ಲೈನಿನಲ್ಲೇ ನಡೆಯುತ್ತದೆ. ಕೊನೆಯ ಐದು ನಿಮಿಷದಲ್ಲಿ ಯಾರಾದರೂ ಬಿಡ್ ಹಾಕಿದರೆ ಸಾಮಾನ್ಯವಾಗಿ ಇನ್ನೈದು ನಿಮಿಷ ಮುಂದಕ್ಕೆ ಹೋಗುತ್ತದೆ. ಹೀಗೆ ಎಳೆಯುತ್ತಾ ಹೋದಾಗ ‘ಇನ್ನೊಂದು ಐವತ್ತು ಸಾವಿರ ತಾನೇ’ ಅಂತ ಕೈ ಮುಂದೆ ಹೋಗುತ್ತದೆ. ಗರಿಷ್ಠ ಎಷ್ಟು ಅಂತ ಹಿಂದಿನ ದಿನವೇ ಚೀಟಿಯಲ್ಲಿ ಬರೆದು ಕಂಪ್ಯೂಟರ್ ಪಕ್ಕ ಇಡಿ. ಮೇಲಿನ ಲೆಕ್ಕದ ಪ್ರಕಾರ ನಿಮಗೆ 68 ಲಕ್ಷವೇ ಜಾಸ್ತಿ. ನಾನಾದರೆ 65ಕ್ಕೆ ನಿಲ್ಲಿಸುತ್ತೇನೆ. ಬ್ಯಾಂಕು ಹಿಂದಿನ ದಿನ ಹರಾಜನ್ನೇ ರದ್ದು ಮಾಡುವುದೂ ಉಂಟು, ಆಗ ಇಎಂಡಿ ವಾಪಸು ಬರುತ್ತದೆ.

ಗೆದ್ದರೆ ಮುಂದಿನದು ಸುಲಭ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಮೇಲಿದ್ದರೆ ನೀವೇ ಕೊಡುವ ಹಣದಲ್ಲಿ ಶೇ 1ರಷ್ಟು ಟಿಡಿಎಸ್ ಹಿಡಿದು ಆದಾಯ ತೆರಿಗೆಗೆ ಕಟ್ಟಬೇಕು. ಯಾರ ಪ್ಯಾನ್ ಹಾಕಬೇಕು ಅಂತ ಬ್ಯಾಂಕಿನಿಂದ ಬರವಣಿಗೆಯಲ್ಲಿ ಪಡೆಯಿರಿ. ಪೂರ್ತಿ ಹಣ ಸಂದ ಮೇಲೆ ಸೇಲ್ ಸರ್ಟಿಫಿಕೇಟ್ ಕೊಡುತ್ತಾರೆ, ಅದೇ ನಿಮ್ಮ ಕ್ರಯಪತ್ರದ ಜಾಗದಲ್ಲಿ ನಿಲ್ಲುವ ಪತ್ರ. ಅದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ, ಹೊಸ ಇಸಿಯಲ್ಲಿ ನಿಮ್ಮ ಹೆಸರು ಬಂದಿದೆಯಾ ನೋಡಿ, ಖಾತಾ ಬದಲಾಯಿಸಿಕೊಳ್ಳಿ. ಬೀಗದ ಕೈ ಪಡೆದಾಗ ಸ್ವಾಧೀನ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಿ. ಸಾಲಗಾರರು ಡಿಆರ್‌ಟಿಗೆ ಹೋಗುವ 45 ದಿನ ಕಳೆಯುವವರೆಗೆ ಟೈಲ್ಸ್ ಒಡೆದು ದೊಡ್ಡ ರಿಪೇರಿ ಶುರು ಮಾಡಬೇಡಿ. ಸುಣ್ಣಬಣ್ಣ ಸಾಕು.

ನಿಮ್ಮ ಅತ್ತೆಯವರ ಮಾತನ್ನು ಕೊನೆಗೆ ಉಳಿಸಿಕೊಂಡಿದ್ದೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಮನೆ ಕಳಕೊಂಡವರ ಮುಖ ನೋಡಿದವನು ನಾನು. ಅವರಿಗೆ ಒಂದು ವಿಷಯ ಹೇಳಿ. ನೀವು ಕೊಳ್ಳದಿದ್ದರೂ ಬ್ಯಾಂಕು ಆ ಮನೆ ಮಾರುತ್ತದೆ. ಕೊಳ್ಳುವವರು ಇಲ್ಲದೆ ಹೋದರೆ ಮುಂದಿನ ಸಲ ಬೆಲೆ ಇಳಿಯುತ್ತದೆ, ಆ ಸಾಲಗಾರರ ತಲೆ ಮೇಲೆ ಅಷ್ಟು ಸಾಲ ಉಳಿಯುತ್ತದೆ. ಒಳ್ಳೆಯ ಬೆಲೆ ಬಂದು, ಬಾಕಿ ಮತ್ತು ಖರ್ಚು ಕಳೆದು ಹಣ ಉಳಿದರೆ, ಅದು ಆ ಮನೆಯವರಿಗೇ ಸೇರಬೇಕು ಅಂತ ಕಾಯ್ದೆ ಹೇಳುತ್ತದೆ. ಜಾಹೀರಾತಿನಲ್ಲಿ ಬಾಕಿ ಮೊತ್ತ ಬರೆದಿರುತ್ತಾರೆ. ಅದು 62 ಲಕ್ಷಕ್ಕಿಂತ ಕಡಿಮೆ ಇದ್ದರೆ ನೀವು ಕೊಡುವ ಹಣದಲ್ಲಿ ಸ್ವಲ್ಪ ಅವರ ಕೈಗೂ ಹೋಗುತ್ತದೆ.

ಈ ಶನಿವಾರ ಸಂಜೆ ಆ ಅಪಾರ್ಟ್‌ಮೆಂಟಿಗೆ ಹೋಗಿ ಬನ್ನಿ. ಹತ್ತಿರವೇ ಇದೆ ಅಂದಿರಲ್ಲ. ಸಾಧ್ಯವಾದರೆ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಸೆಕ್ಯೂರಿಟಿಯವರ ಹತ್ತಿರ ಮಾತಾಡಿ, ಆ ಮಹಡಿಗೆ ಹತ್ತಿ, ಬಾಗಿಲಲ್ಲಿ ಚಪ್ಪಲಿ ಇದೆಯಾ, ಮೀಟರ್ ಓಡುತ್ತಿದೆಯಾ ನೋಡಿ. ಒಳಗೆ ಜನ ಇದ್ದರೆ ವಿನಯದಿಂದ ಪರಿಚಯ ಹೇಳಿಕೊಂಡು, ಬಾಡಿಗೆಯಾ, ಲೀಸಾ, ಸ್ವಂತವಾ ಕೇಳಿ. ಸೋಮವಾರ ಬ್ಯಾಂಕಿಗೆ ಹೋಗಿ ಮೂಲ ಪತ್ರ ನೋಡಿ. ಇಎಂಡಿ ಕಟ್ಟುವುದು ಆಮೇಲಿನ ಮಾತು.